ತೆಗೆದ ಕೈ

ನಮ್ಮ ಮನೆಯಲ್ಲಿ ಏನಾದರೂ ಕಾಣೆಯಾದರೆ ಮೊದಲು ಹುಡುಕುತ್ತಿದ್ದರು, ಸಿಗದಿದ್ದರೆ ಮನೆ ಕಾಯುವ ದೈವಕ್ಕೆ ಹೇಳುತ್ತಿದ್ದರು. ಹೇಳುವುದಕ್ಕೆ ಒಂದು ಕ್ರಮವಿತ್ತು. ಮುಸ್ಸಂಜೆಗೆ ದೈವದ ಕೋಣೆಯಲ್ಲಿ ದೀಪ ಹಚ್ಚಿ, ಒಂದು ಚೆಂಬು ನೀರಿಟ್ಟು, ಮನೆಯ ಯಜಮಾನ ನಿಂತು ಗಟ್ಟಿಯಾಗಿ ಹೇಳಬೇಕು: ಇಂಥ ವಸ್ತು ಕಾಣುವುದಿಲ್ಲ, ಎಂಟು ದಿನದೊಳಗೆ ತೋರಿಸಿಕೊಡಬೇಕು, ತೋರಿಸಿಕೊಟ್ಟರೆ ಇಷ್ಟು ಸೀಯಾಳ ಒಪ್ಪಿಸುತ್ತೇವೆ. ಮನೆಯವರೆಲ್ಲ ಹೊಸ್ತಿಲ ಹೊರಗೆ ನಿಂತು ಕೇಳಬೇಕು. ಒಮ್ಮೆ ಹೀಗೆ ಹೇಳಿದ ಮೂರನೆಯ ದಿನ ಕಾಣೆಯಾಗಿದ್ದ ಕಂಚಿನ ಗಿಂಡಿ ಬಾವಿಕಟ್ಟೆಯ ಮೇಲೆ ಕುಳಿತಿತ್ತು. ಇನ್ನೊಮ್ಮೆ ಅತ್ತೆಯ ಬೆಂಡೋಲೆ ದನದ ಹಟ್ಟಿಯ ಗೋಡೆಯ ಸಂದಿಯಲ್ಲಿ ಸಿಕ್ಕಿತು. ದೈವದ ಕಾರ್ಣಿಕ, ಅದರ ಶಕ್ತಿ ಎಂದರು.

ಸಣ್ಣವಳಿದ್ದಾಗಲೇ ನಾನು ಒಂದನ್ನು ಗಮನಿಸಿದ್ದೆ. ಮನಸ್ಸಿನೊಳಗೇ ಹೇಳಿಕೊಂಡ ಹರಕೆಗೆ ಯಾವ ವಸ್ತುವೂ ಮರಳಿ ಬಂದದ್ದಿಲ್ಲ. ಕೇಳಿಸಿಕೊಳ್ಳುವವರು ಬೇಕು, ಅವರಲ್ಲಿ ಒಬ್ಬರಿಗೆ ಹೆದರಿಕೆಯಾಗಬೇಕು. ಇದನ್ನು ನಾನು ಯಾರ ಹತ್ತಿರವೂ ಹೇಳಲಿಲ್ಲ.

ಮನೆ ಇದ್ದದ್ದು ವೇಣೂರಿನಿಂದ ಎರಡು ಮೈಲಿ ಒಳಗೆ. ಅಪ್ಪ ತೀರಿಕೊಂಡಾಗ ನಾನು ಐದನೆಯ ತರಗತಿ. ಅಮ್ಮ ನನ್ನನ್ನು ಕರೆದುಕೊಂಡು ತನ್ನ ತಾಯಿಯ ಮನೆಗೆ ಬಂದಳು. ಆ ಮನೆಯ ಯಜಮಾನ ಅಮ್ಮನ ಅಣ್ಣ, ನನ್ನ ಮಾವ. ಮಾವನ ಹೆಂಡತಿ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ನಾಲ್ಕೇ ಜನ. ನನ್ನನ್ನು ಮಂಗಳೂರಿನ ಹಾಸ್ಟೆಲಿನಲ್ಲಿಟ್ಟು ಬಿ.ಎ., ಆಮೇಲೆ ಬಿ.ಎಡ್. ಓದಿಸಿದ್ದು ಮಾವನೇ. ಅದನ್ನು ಬಿಟ್ಟು ಇದನ್ನು ಬರೆಯುವುದು ಸರಿಯಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡಬಿದ್ರೆಯ ಒಂದು ಪ್ರೌಢಶಾಲೆಯಲ್ಲಿ ಅಧ್ಯಾಪಕಿಯ ಜಾಗ ಖಾಲಿಯಿದೆಯೆಂದು ತಿಳಿದು ಅರ್ಜಿ ಹಾಕಿದ್ದೆ. ಅರ್ಜಿಯ ಜೊತೆ ಟೈಪ್ ಮಾಡಿಸಿದ ನಕಲುಗಳನ್ನು ಕಳುಹಿಸಿದ್ದೆ. ಸಂದರ್ಶನದ ಕಾರ್ಡು ಬಂದಾಗ ಹನ್ನೆರಡು ದಿನ ಉಳಿದಿತ್ತು. ‘ಮೂಲ ದಾಖಲೆಗಳನ್ನು ತಪ್ಪದೆ ತರತಕ್ಕದ್ದು’ ಎಂಬ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಇತ್ತು.

ಅದೇ ದಿನಗಳಲ್ಲಿ ಬೆಳ್ತಂಗಡಿ ಕಡೆಯ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಒಳ್ಳೆಯ ಮನೆ ಎಂದು ಮಾವ ಎರಡು ಸಲ ಹೇಳಿದ್ದರು. ಕೆಲಸಕ್ಕೆ ಹೋಗುವ ಹುಡುಗಿ ತಮಗೆ ಬೇಡ ಎಂದು ಆ ಕಡೆಯವರು ಮೊದಲೇ ತಿಳಿಸಿದ್ದರು. ಸಂದರ್ಶನ ಗುರುವಾರ. ಅವರು ನೋಡಲು ಬರುವುದು ಅದೇ ವಾರದ ಭಾನುವಾರ. ಬೇಡ ಎಂದು ಮಾವನ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಕೆಲಸ ಸಿಕ್ಕಿಬಿಟ್ಟರೆ ಬೇಡವೆನ್ನುವ ಕೆಲಸವನ್ನು ಆ ಕಡೆಯವರೇ ಮಾಡುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಕಾರ್ಡು ಬಂದ ಸಂಜೆ ಟ್ರಂಕು ತೆರೆದೆ. ಬಿ.ಎ. ಪದವಿಪತ್ರ ಇತ್ತು, ಬಿ.ಎಡ್.ದು ಇತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರಲಿಲ್ಲ. ಹುಟ್ಟಿದ ತಾರೀಕಿಗೆ ಇದ್ದ ದಾಖಲೆ ಅದೊಂದೇ. ಟ್ರಂಕಿಗೆ ನಾನು ಬೀಗ ಹಾಕುತ್ತಿರಲಿಲ್ಲ. ಒಳಗೆ ಬೀಗ ಹಾಕುವುದೆಂದರೆ ಮನೆಯವರನ್ನು ಕಳ್ಳರೆಂದ ಹಾಗೆ. ಮೂರೂ ಕಾಗದ ಒಂದೇ ರಟ್ಟಿನ ಫೈಲಿನಲ್ಲಿದ್ದವು. ಎರಡನ್ನು ಬಿಟ್ಟು ಒಂದು ತಾನಾಗಿ ಎದ್ದು ಹೋಗುವುದಿಲ್ಲ.

“ಗೆದ್ದಲು ತಿಂದಿರಬೇಕು,” ಎಂದರು ಅತ್ತೆ.

“ಗೆದ್ದಲು ಒಂದೇ ಕಾಗದ ಆರಿಸಿ ತಿನ್ನುವುದಿಲ್ಲ ಅತ್ತೆ.”

“ಓಹೋ. ಹಾಗಾದ್ರೆ ನಿನ್ನ ಜೊತೆ ಬಿ.ಎ. ಓದಿದ ಗೆದ್ದಲು ಇರಬೇಕು.”

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಕನ್ನಡಕ್ಕೆ ತರುವಾಗ ಅತ್ತೆಯ ಮಾತಿನ ಮೊನೆ ಸ್ವಲ್ಪ ಸವೆಯುತ್ತದೆ. ಅವರು ಬೈಯುತ್ತಲೇ ಎದ್ದು ಬಂದು ನನ್ನ ಜೊತೆ ಕಪಾಟು ಹುಡುಕಿದರು. ಮಾವ ಚಾವಡಿಯ ಈಸಿಚೇರಿನಿಂದ ಏಳಲಿಲ್ಲ.

“ಒಂದು ಕಾಗದ ಅಲ್ಲವಾ,” ಎಂದರು. “ಸಿಗುವುದಿದ್ದರೆ ಸಿಗ್ತದೆ. ಹತ್ತನೆಯ ಕ್ಲಾಸಿನ ಮಾರ್ಕು ಈಗ ಯಾರಿಗೆ ಬೇಕು?”

ಮಾವನ ಎದುರು ನಾನು ಹೇಳಿದ್ದು ‘ಒಂದು ಸರ್ಟಿಫಿಕೇಟು’ ಎಂದು ಮಾತ್ರ. ಹತ್ತನೆಯ ಕ್ಲಾಸಿನದ್ದು ಎಂದು ಅವರಿಗೆ ಹೇಗೆ ಗೊತ್ತಾಯಿತು? ಅಮ್ಮ ಹೇಳಿರಬಹುದು, ಅತ್ತೆ ಹೇಳಿರಬಹುದು. ಆದರೂ ಆ ಮಾತನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ. ಆಮೇಲೆ ಅವರ ಕೋಟಿನ ಕಿಸೆ, ಪಂಚಾಂಗದ ಒಳಗು, ಅವರು ತೋಟಕ್ಕೆ ಹೋದಾಗ ಮೇಜಿನ ಡ್ರಾಯರು, ಎಲ್ಲ ನೋಡಿದೆ. ನನ್ನನ್ನು ಓದಿಸಿದವರ ಡ್ರಾಯರು. ಕೈ ಹಾಕುವಾಗ ನಾಚಿಕೆಯಾಯಿತು. ಹಾಗೆಂದು ಹೊರಗೆ ತೆಗೆಯಲಿಲ್ಲ.

ಎಲ್ಲರಿಗಿಂತ ಹೆಚ್ಚು ಹುಡುಕಿದವಳು ಅಮ್ಮ. ಅಕ್ಕಿಯ ಡಬ್ಬಿ ಬರಿದು ಮಾಡಿದಳು, ಚಾಪೆಗಳನ್ನೆಲ್ಲ ಅಂಗಳಕ್ಕೆ ತಂದು ಕೊಡವಿದಳು, ಅರೆಯುವ ಕಲ್ಲಿನ ಹಿಂದೆ ಕೈ ಹಾಕಿ ನೋಡಿದಳು. ಅರೆಯುವ ಕಲ್ಲಿನ ಹಿಂದೆ ಅಂಕಪಟ್ಟಿ ಹೋಗುವುದಾದರೂ ಹೇಗೆ ಎಂದು ಆಗ ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ದೈವಕ್ಕೆ ಹೇಳುವ ಎಂದವರು ಅತ್ತೆ. ಮಾವನಿಗೆ ಅಷ್ಟು ಮನಸ್ಸಿರಲಿಲ್ಲ. ಕಾಗದಕ್ಕೆಲ್ಲ ದೈವವನ್ನು ಎಬ್ಬಿಸುವುದಾ ಎಂದರು. ಆದರೂ ಮುಸ್ಸಂಜೆಗೆ ಸ್ನಾನ ಮಾಡಿ ಬಂದು ದೀಪ ಹಚ್ಚಿದರು. ನಾವು ಮೂವರು ಹೊಸ್ತಿಲಾಚೆ ನಿಂತೆವು.

“ಹುಡುಗಿಯ ಓದಿನ ಕಾಗದ ಕಾಣುವುದಿಲ್ಲ. ಎಂಟು ದಿನದೊಳಗೆ ತೋರಿಸಿಕೊಡಬೇಕು. ಐದು ಸೀಯಾಳ ಒಪ್ಪಿಸ್ತೇವೆ,” ಎಂದರು ಮಾವ.

“ಅಷ್ಟೇ ಹೇಳಿದ್ರೆ ಹೇಗೆ?” ಎಂದರು ಅತ್ತೆ. “ತೆಗೆದ ಕೈಗೆ ಕುರುಹು ಕೊಡಲಿ ಅಂತ ಹೇಳಿ.”

“ನೀನು ಸುಮ್ಮನಿರು.”

“ನಾನು ಯಾಕೆ ಸುಮ್ಮನಿರಬೇಕು? ಈ ಮನೆಗೆ ಹೊರಗಿನಿಂದ ಬಂದವಳು ನಾನೊಬ್ಬಳೇ. ನಾಳೆ ಊರಿನವರೆಲ್ಲ ನನ್ನ ಮುಖವನ್ನೇ ನೋಡ್ತಾರೆ.” ಅತ್ತೆಯೇ ಎರಡೂ ಕೈ ಮುಗಿದು, ಹಟ್ಟಿಯ ದನಗಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: “ತೆಗೆದ ಕೈಗೆ ಎಂಟು ದಿನದೊಳಗೆ ಕುರುಹು ಬರಲಿ!”

ನಾನು ಮೂವರನ್ನೂ ನೋಡುತ್ತಿದ್ದೆ. ಕೈ ಮುಗಿದು ಕಣ್ಣು ಮುಚ್ಚಬೇಕಾದ ಹೊತ್ತಿನಲ್ಲಿ ನಾನೊಬ್ಬಳೇ ಕಣ್ಣು ತೆರೆದಿದ್ದೆ. ಮಾವನ ಮುಖ ದೀಪದ ಕಡೆಗಿತ್ತು, ಕಾಣಲಿಲ್ಲ. ಅತ್ತೆ ಒಂದೋ ನಿರಪರಾಧಿ, ಇಲ್ಲವಾದರೆ ಬಹಳ ಗಟ್ಟಿಗಿತ್ತಿ ಎಂದುಕೊಂಡೆ. ಅಮ್ಮ ಕೈ ಮುಗಿದಿರಲಿಲ್ಲ. ಬಲಗೈಯನ್ನು ಸೆರಗಿನ ಮೇಲೆ, ಎದೆಗೆ ಒತ್ತಿ ಹಿಡಿದಿದ್ದಳು. ಭಕ್ತಿ ಎಂದುಕೊಂಡೆ.

ದೈವವನ್ನು ನಾನು ನಂಬುವುದಿಲ್ಲ ಎಂದಲ್ಲ. ಆದರೆ ಎಂಟು ದಿನ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ಪ್ರಮಾಣಪತ್ರ ಕಳೆದರೆ ವಕೀಲರಿಂದ ಒಂದು ಅಫಿಡವಿಟ್ ಮಾಡಿಸಿ ಶಾಲೆಯ ಮೂಲಕ ಬೋರ್ಡಿಗೆ ಕಳುಹಿಸಬೇಕು, ಎರಡನೆಯ ಪ್ರತಿ ಬರುತ್ತದೆ ಎಂದು ಬಿ.ಎಡ್. ಗೆಳತಿಯೊಬ್ಬಳು ಹಿಂದೆ ಹೇಳಿದ್ದು ನೆನಪಾಯಿತು. ಬೆಳ್ತಂಗಡಿಯ ವಕೀಲರೆಲ್ಲ ಮಾವನಿಗೆ ಪರಿಚಯ. ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪುತ್ತದೆ. ಮೂಡಬಿದ್ರೆಗೆ ಹೋಗಿ ಲೈಬ್ರರಿ ಪುಸ್ತಕ ಕೊಟ್ಟು ಬರುತ್ತೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ನನ್ನನ್ನು ಯಾರೂ ಅರಿಯದ ಬಂಟ್ವಾಳಕ್ಕೆ ಹೋದೆ.

ಪೇಟೆಯ ಮಾಳಿಗೆಯೊಂದರ ಮೇಲೆ ವಕೀಲರ ಕಚೇರಿ. ವಯಸ್ಸಾದವರು, ಮಾತು ನಿಧಾನ.

“ಎಲ್ಲಿ ಕಳೆದದ್ದು?”

“ಮನೆಯಲ್ಲಿ.”

“ಮನೆಯಲ್ಲಿ ಅಂದ ಮೇಲೆ ಅದು ಕಳೆದದ್ದಲ್ಲ ಅಲ್ಲವಾ ಅಮ್ಮ. ಅಲ್ಲೇ ಉಂಟು.” ಕನ್ನಡಕದ ಮೇಲಿನಿಂದ ನೋಡಿದರು. “ಯಾರ ಮೇಲಾದರೂ ಸಂಶಯ ಉಂಟಾ?”

“ಇಲ್ಲ.”

ಅವರು ಪೆನ್ನಿನ ಮುಚ್ಚಳ ತೆಗೆದರು.

“ಹಾಗಾದ್ರೆ ಬಸ್ಸಿನಲ್ಲಿ ಹೋಯಿತು ಅಂತ ಬರೆಯುವ. ಬಸ್ಸಿಗೆ ಬೇಜಾರಾಗುವುದಿಲ್ಲ.”

ವೇಣೂರಿನಿಂದ ಮೂಡಬಿದ್ರೆಗೆ ಬಸ್ಸಿನಲ್ಲಿ ಪ್ರಯಾಣಿಸುವಾಗ ನನ್ನ ಅರಿವಿಗೆ ಬಾರದಂತೆ ಅಂಕಪಟ್ಟಿ ಕಳೆದುಹೋಗಿದೆ ಎಂದು ಛಾಪಾ ಕಾಗದದ ಮೇಲೆ ಬರೆದಾಯಿತು. ಸತ್ಯವೆಂದು ಪ್ರಮಾಣ ಮಾಡಿ ಸಹಿ ಹಾಕಿದೆ. ನನ್ನ ಬದುಕಿನ ಮೊದಲ ಕಾನೂನಿನ ಕಾಗದದಲ್ಲಿ ನಿಜವಾಗಿ ಇದ್ದದ್ದು ನನ್ನ ಹೆಸರು ಮತ್ತು ಊರು ಮಾತ್ರ. ಮನೆಯಲ್ಲಿ ತೆಗೆದ ಕೈಯನ್ನು ಹುಡುಕುತ್ತಿದ್ದವಳು ಇಲ್ಲಿ ಆ ಕೈಯೇ ಇಲ್ಲವೆಂದು ಬರೆದುಕೊಟ್ಟಿದ್ದೆ.

ಮರುದಿನ ನಾನು ಓದಿದ ಹೈಸ್ಕೂಲಿಗೆ ಹೋದೆ. ಹೆಡ್ಮಾಸ್ಟರು ಅಫಿಡವಿಟ್ ಓದಿ ಒಮ್ಮೆ ನಕ್ಕರು.

“ಕಳೆದುಹೋಯಿತಾ? ನೀನಾ? ಮೂರು ವರ್ಷದಲ್ಲಿ ಒಂದು ಪೆನ್ಸಿಲ್ ಕಳೆದವಳಲ್ಲ ಮಾರಾಯ್ತಿ.”

ಅವರು ಮತ್ತೆ ಕೇಳಲಿಲ್ಲ. ಶಾಲೆಯ ದಾಖಲೆ ಪುಸ್ತಕ ತೆಗೆದು ನನ್ನ ಅಂಕಗಳನ್ನೂ ಹುಟ್ಟಿದ ದಿನವನ್ನೂ ತಮ್ಮ ಕೈಯಿಂದಲೇ ಬರೆದು ಮೊಹರು ಒತ್ತಿ ಕೊಟ್ಟರು. ಎರಡನೆಯ ಪ್ರತಿಗೆ ಅರ್ಜಿಯನ್ನೂ ತೆಗೆದುಕೊಂಡರು. ಬರಲು ಮೂರು ನಾಲ್ಕು ತಿಂಗಳು ಹೋಗ್ತದೆ, ಅಲ್ಲಿಯವರೆಗೆ ಇದನ್ನು ತೋರಿಸು, ಒಪ್ಪಿದರೆ ಒಪ್ಪಿದರು ಎಂದರು. ಆ ಕಾಗದವನ್ನು ನಾನು ಟ್ರಂಕಿನಲ್ಲಿ ಇಡಲಿಲ್ಲ. ಭಾರದ ನಿಘಂಟೊಂದರ ನಡುವೆ ಇಟ್ಟು, ನಿಘಂಟನ್ನು ತಲೆಯ ಬಳಿ ಇಟ್ಟುಕೊಂಡು ಮಲಗಿದೆ.

ದೈವಕ್ಕೆ ಹೇಳಿದ ಆರನೆಯ ದಿನ ಗಂಜಿ ಬಸಿಯುವಾಗ ಅಮ್ಮನ ಕೈಯಿಂದ ಪಾತ್ರೆ ಜಾರಿತು. ಕುದಿಯುವ ತಿಳಿ ಬಲಗೈಯ ಮೇಲೆ, ಮಣಿಕಟ್ಟಿನಿಂದ ಬೆರಳಿನವರೆಗೆ ಚೆಲ್ಲಿತು. ಅತ್ತೆ ಓಡಿ ಬಂದು ತಣ್ಣೀರು ಸುರಿದರು, ಜೇನು ಹಚ್ಚಿದರು. ಹಚ್ಚುತ್ತಿದ್ದವರು ನಡುವೆ ನಿಲ್ಲಿಸಿ ಆ ಕೈಯನ್ನೇ ನೋಡಿದರು. ಮತ್ತೆ ಹಚ್ಚಿದರು. ಬಾಯಿಗೆ ಬಂದದ್ದನ್ನು ಅತ್ತೆ ನುಂಗಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವ ಬಾಗಿಲಲ್ಲಿ ನಿಂತು, “ನೋಡಿ ಬಸಿಯಲಿಕ್ಕೆ ಆಗುವುದಿಲ್ಲವಾ?” ಎಂದು ಗದರಿ, ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಹೋದರು.

ಯಾರೂ ಕುರುಹು ಎನ್ನಲಿಲ್ಲ. ಆ ಮಧ್ಯಾಹ್ನ ನಾಲ್ವರೂ ಒಟ್ಟಿಗೆ ಕುಳಿತು ಊಟ ಮಾಡಿದೆವು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಉಂಡಳು. ನಾವು ಮೂವರೂ ಬೇರೆ ಬೇರೆ ಕಡೆ ನೋಡಿದೆವು.

ನಾನು ನಂಬಲಿಲ್ಲ. ಯಾರ ಕೈ ಬೇಕಾದರೂ ಸುಡುತ್ತದೆ. ವಾರಕ್ಕೊಂದು ಸಲ ಅತ್ತೆಯ ಕೈಯೂ ಸುಡುತ್ತಿತ್ತು. ಆದರೆ ಸಂಜೆ ಸ್ನಾನಕ್ಕೆ ಹೋಗುವಾಗ ಅಮ್ಮನಿಗೆ ಒಂದು ಕೈಯಿಂದ ರವಕೆಯ ಗುಂಡಿ ತೆಗೆಯಲಾಗುತ್ತಿರಲಿಲ್ಲ. ನಾನು ಹತ್ತಿರ ಹೋದೆ.

“ಬೇಡ,” ಎಂದು ಹಿಂದೆ ಸರಿದಳು. “ನಾನೇ ಮಾಡ್ತೇನೆ.”

“ಹೇಗೆ ಮಾಡ್ತೀ? ಕೈ ನೋಡು.”

“ಬೇಡ ಅಂದೆನಲ್ಲ.” ಬಚ್ಚಲಿನ ಬಾಗಿಲು ಹಾಕಿಕೊಂಡಳು.

ಹೊರಗೆ ನಿಂತವಳಿಗೆ ದೈವದ ಕೋಣೆಯ ಎದುರು ಸೆರಗಿನ ಮೇಲೆ ಒತ್ತಿ ಹಿಡಿದಿದ್ದ ಕೈ ನೆನಪಾಯಿತು. ಅರೆಯುವ ಕಲ್ಲು ನೆನಪಾಯಿತು. ಇಷ್ಟು ದಿನ ಮಾವನ ಡ್ರಾಯರು, ಅತ್ತೆಯ ಮಾತು ಎಂದು ಸುತ್ತುತ್ತಿದ್ದ ಸಂಶಯ ಒಂದೇ ಕಡೆ ಬಂದು ನಿಂತಿತು. ಅದು ಅಲ್ಲಿ ನಿಲ್ಲಬಾರದೆಂದು ನನಗೆ ಬಹಳ ಆಸೆಯಿತ್ತು. ಬಾಗಿಲು ತಟ್ಟಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವಳು ಒಂದೋ ಸುಳ್ಳು ಹೇಳಬೇಕು, ಇಲ್ಲವೇ ಸತ್ಯ ಹೇಳಬೇಕು. ಎರಡರಲ್ಲಿ ಯಾವುದನ್ನು ಕೇಳಲೂ ನಾನು ತಯಾರಿರಲಿಲ್ಲ.

ಸಂದರ್ಶನದ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ಉಡುವ ಸೀರೆ ತೆಗೆಯಲು ಟ್ರಂಕು ತೆರೆದೆ. ಸೀರೆಗಳ ಮೇಲೆಯೇ ಅಂಕಪಟ್ಟಿ ಇತ್ತು. ಉದ್ದಕ್ಕೆ ನಾಲ್ಕು ಮಡಿಕೆ, ಅದರ ಮೇಲೆ ಅಡ್ಡಕ್ಕೆ ಎರಡು. ಬಸ್ಸಿನ ಟಿಕೆಟು, ಸೊಸೈಟಿಯ ಚೀಟಿ, ಅಪ್ಪ ಬರೆದ ಹಳೆಯ ಪತ್ರಗಳು, ಯಾವುದನ್ನಾದರೂ ಅಮ್ಮ ಮಡಚುತ್ತಿದ್ದದ್ದು ಹೀಗೆ. ರವಕೆಯೊಳಗೆ ಇಟ್ಟುಕೊಳ್ಳಲು ಅನುಕೂಲವಾಗುವ ಅಳತೆಗೆ. ಕಾಗದ ಮೆತ್ತಗಾಗಿತ್ತು. ಬೆವರಿಗೆ ಗಣಿತದ ಅಂಕದ ಶಾಯಿ ಸ್ವಲ್ಪ ಹರಡಿತ್ತು. ಒಂದು ಮೂಲೆಗೆ ಜೇನಿನ ಅಂಟು.

ಬಿಡಿಸಿದಾಗ ಒಳಗಿನಿಂದ ಇನ್ನೊಂದು ಸಣ್ಣ ಕಾಗದ ಮಡಿಲಿಗೆ ಬಿತ್ತು. ಬಸ್ ಟಿಕೆಟು. ನಿಲ್ದಾಣಗಳ ಹೆಸರಿನ ಸಾಲಿನಲ್ಲಿ ಬಂಟ್ವಾಳದ ಮೇಲೆ ಕಂಡಕ್ಟರನ ನೀಲಿ ಪೆನ್ಸಿಲಿನ ಗೆರೆ. ಅದನ್ನು ನಾನು ಎಸೆದಿದ್ದೇನೆ ಎಂದುಕೊಂಡಿದ್ದೆ. ಒಗೆಯಲು ಹಾಕಿದ ಸೀರೆಯಲ್ಲೋ ಕೊಡೆಯ ಮಡಿಕೆಯಲ್ಲೋ ಅವಳಿಗೆ ಸಿಕ್ಕಿರಬೇಕು. ನಾಲ್ಕನೆಯ ತರಗತಿ ಓದಿದವಳು. ಬಂಟ್ವಾಳ ಎಂದು ಓದಬಲ್ಲಳು, ಮೂಡಬಿದ್ರೆಗೆ ಎಂದು ಹೇಳಿ ಹೊರಟ ಮಗಳು ಅಲ್ಲಿಗೆ ಯಾಕೆ ಹೋದಳೆಂದು ಊಹಿಸಬಲ್ಲಳು.

ಟಿಕೆಟನ್ನು ಮುಷ್ಟಿಯಲ್ಲಿಟ್ಟುಕೊಂಡು ಅಂಕಪಟ್ಟಿಯನ್ನು ಮಾತ್ರ ಚಾವಡಿಗೆ ತಂದೆ.

“ನೋಡಿದಿರಾ!” ಎಂದು ಅತ್ತೆ ಎದ್ದೇ ನಿಂತರು. “ಎಂಟನೆಯ ದಿನ! ಸರಿಯಾಗಿ ಎಂಟನೆಯ ದಿನ! ಇನ್ನು ಯಾರಾದ್ರೂ ನಮ್ಮ ದೈವಕ್ಕೆ ಕಾರ್ಣಿಕ ಇಲ್ಲ ಅನ್ನಲಿ.”

ಮಾವ ಅಂಕಪಟ್ಟಿಯನ್ನು ಮುಟ್ಟಲಿಲ್ಲ. ಮಡಿಕೆಗಳನ್ನು ನೋಡಿದರು, ಅಮ್ಮನ ಕಡೆ ನೋಡಿದರು. “ಸೀಯಾಳ ಕೀಳಿಸ್ತೇನೆ,” ಎಂದಷ್ಟೇ ಹೇಳಿ ಹೆಗಲಿಗೆ ಬೈರಾಸು ಹಾಕಿಕೊಂಡು ಹೊರಗೆ ಹೋದರು.

“ಸಿಕ್ಕಿತಲ್ಲ,” ಎಂದಳು ಅಮ್ಮ.

“ಸಿಕ್ಕಿತು,” ಎಂದೆ.

ಯಾಕೆ ಮರಳಿ ಬಂತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ದೈವ ತೋರಿಸಿಕೊಟ್ಟಿರಬಹುದು. ಅತ್ತೆ ಅಷ್ಟು ಗಟ್ಟಿಯಾಗಿ ಹೇಳದೆ ಇರುತ್ತಿದ್ದರೆ ಅಮ್ಮ ಹೆದರುತ್ತಿರಲಿಲ್ಲ, ಪಾತ್ರೆ ಜಾರುತ್ತಿರಲಿಲ್ಲ ಎಂದೂ ಅನಿಸಿದೆ. ನಾನು ಬಂಟ್ವಾಳಕ್ಕೆ ಹೋಗದೆ ಇರುತ್ತಿದ್ದರೆ? ಆ ಟಿಕೆಟು ಸಿಕ್ಕಿದ ಮೇಲೆ ಇನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎಂದು ಅವಳಿಗೆ ಅನಿಸಿರಬೇಕು ಎಂಬುದು ನನ್ನ ಊಹೆ. ನನಗೆ ಹಿತವಾದ ಊಹೆಯಾದ್ದರಿಂದ ಅದನ್ನೂ ಪೂರ್ತಿ ನಂಬುವುದಿಲ್ಲ. ಆದರೆ ಕೊನೆಗೆ ಒಂದು ಕೈ ಟ್ರಂಕಿನ ಮುಚ್ಚಳ ಎತ್ತಿ ಕಾಗದವನ್ನು ಒಳಗೆ ಇಟ್ಟದ್ದಂತೂ ಹೌದು. ಸುಟ್ಟ ಕೈ. ಇಡದೆಯೂ ಇರಬಹುದಿತ್ತು.

ತೆಗೆದದ್ದು ಯಾಕೆ ಎಂಬುದಕ್ಕೂ ನನ್ನಲ್ಲಿ ಊಹೆ ಮಾತ್ರ ಇದೆ. ಆ ಮನೆಯಲ್ಲಿ ಅಮ್ಮ ಅಣ್ಣನಿಗೆ ಇಲ್ಲ ಎಂದವಳಲ್ಲ, ನನಗೂ ಇಲ್ಲ ಎಂದವಳಲ್ಲ. ಇಬ್ಬರಲ್ಲಿ ಒಬ್ಬರಿಗೆ ಹೇಳಲೇಬೇಕಾಗಿ ಬಂದಾಗ ಬಾಯಿಯ ಕೆಲಸವನ್ನು ಕೈಗೆ ಒಪ್ಪಿಸಿರಬೇಕು. ಮಾವ ಅವಳಿಗೆ ಏನಾದರೂ ಹೇಳಿದ್ದರೇ? ಹತ್ತನೆಯ ಕ್ಲಾಸಿನ ಮಾರ್ಕು ಎಂಬ ಆ ಮಾತು ಇಂದಿಗೂ ನನ್ನಲ್ಲಿ ಹಾಗೆಯೇ ಉಳಿದಿದೆ.

ಗುರುವಾರ ಮೂಡಬಿದ್ರೆಯಲ್ಲಿ ಸಂದರ್ಶನ ಮಾಡಲು ಮೂವರು ಕುಳಿತಿದ್ದರು. ಚೀಲದಲ್ಲಿ ಹೆಡ್ಮಾಸ್ಟರ ಕಾಗದವೂ ಇತ್ತು, ಅಂಕಪಟ್ಟಿಯೂ ಇತ್ತು. ಮೂಲ ದಾಖಲೆ ಎಂದಾಗ ಅಂಕಪಟ್ಟಿಯನ್ನೇ ಕೊಟ್ಟೆ. ಒಂದು ರಾತ್ರಿ ನಿಘಂಟಿನ ಕೆಳಗೆ ಇದ್ದರೂ ಮಡಿಕೆಗಳು ಎದ್ದು ಕಾಣುತ್ತಿದ್ದವು. ನಡುವೆ ಕುಳಿತಿದ್ದ ಮುಖ್ಯೋಪಾಧ್ಯಾಯರು ಗೆರೆಗಳ ಮೇಲೆ ಹೆಬ್ಬೆರಳು ಎಳೆದರು.

“ಇದನ್ನು ಹೀಗೆ ಮಡಚಿದ್ದು ಯಾರಮ್ಮ?”

“ನಾನೇ ಸರ್.”

“ಮಕ್ಕಳಿಗೆ ಪಾಠ ಹೇಳುವವರು. ಇನ್ನು ಮೇಲೆ ಮಡಚಬೇಡಿ.”

“ಇಲ್ಲ ಸರ್.”

ಆ ಸಂಜೆ ಮನೆಯಲ್ಲಿ ಸಂದರ್ಶನದ ಕಥೆ ಹೇಳುವಾಗ ಇದನ್ನೂ ಹೇಳಿದೆ. ಅತ್ತೆ ನಕ್ಕರು. ಮಾವ ನಗಲಿಲ್ಲ.

“ನೀನು ಏನು ಹೇಳಿದಿ?” ಎಂದು ಕೇಳಿದಳು ಅಮ್ಮ.

“ನಾನೇ ಮಡಚಿದ್ದು ಅಂದೆ.”

ಅವಳು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು. ಹಾಲು ಇಳಿಸಿ ಆಗಲೇ ಬಹಳ ಹೊತ್ತಾಗಿತ್ತು.

ಭಾನುವಾರ ಬರಬೇಕಾದವರು ಬರಲಿಲ್ಲ. ಬರುವುದು ಬೇಡವೆಂದು ಹೇಳಿಕಳುಹಿಸಿದ್ದು ಮಾವ ಎಂದು ಅತ್ತೆ ಹೇಳಿದರು. ಅವರೇ ಬೇಡವೆಂದರು ಎಂದು ಮಾವ ಹೇಳಿದರು. ಯಾರದು ನಿಜವೋ ಗೊತ್ತಿಲ್ಲ. ಮುಂದಿನ ವಾರ ನೇಮಕದ ಕಾಗದ ಬಂತು. ಮೂಡಬಿದ್ರೆಯಲ್ಲಿ ಒಂದು ಕೋಣೆ ಹಿಡಿದೆ. ಟ್ರಂಕಿಗೆ ಬೀಗ ಕೊಂಡುಕೊಂಡೆ, ಹಾಕಿದ್ದು ಕಡಿಮೆ.

ನಾಲ್ಕು ತಿಂಗಳ ಮೇಲೆ ಒಂದು ಶನಿವಾರ ಮಧ್ಯಾಹ್ನ ಅಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು, ಅದುವರೆಗೆ ಹಾಗೆ ಬಂದವಳಲ್ಲ. ಕೈಯಲ್ಲಿ ಚೀಲವಿರಲಿಲ್ಲ. ಎರಡು ರಟ್ಟಿನ ತುಂಡುಗಳ ನಡುವೆ ಒಂದು ದೊಡ್ಡ ಲಕೋಟೆಯನ್ನು ಇಟ್ಟು, ಅದನ್ನು ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನ ಹೈಸ್ಕೂಲಿನಿಂದ ಮನೆಗೆ ಕಳುಹಿಸಿದ್ದ ಲಕೋಟೆ. ಒಳಗೆ ಅಂಕಪಟ್ಟಿಯ ಎರಡನೆಯ ಪ್ರತಿ ಇದೆಯೆಂದು ಇಬ್ಬರಿಗೂ ಗೊತ್ತಿತ್ತು.

“ಬಸ್ಸಿನಲ್ಲಿ ರಶ್ಶು,” ಎಂದಳು. “ಕೂರಲಿಕ್ಕೆ ಜಾಗ ಸಿಗಲಿಲ್ಲ.”

ಅಷ್ಟು ದೂರ ಕಂಬಿ ಹಿಡಿಯದೆ ನಿಂತು ಬಂದಿರಬೇಕು. ಬಲಗೈಯ ಸುಟ್ಟ ಜಾಗದಲ್ಲಿ ಚರ್ಮ ತೆಳ್ಳಗೆ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ನಾನು ಲಕೋಟೆ ತೆಗೆದುಕೊಳ್ಳುವವರೆಗೆ ಅವಳು ಅದನ್ನು ಇಳಿಸಲಿಲ್ಲ.

“ನೋಡು,” ಎಂದಳು. “ಮಡಚಲಿಲ್ಲ.”